ಮೂರನೇ ನೀರು ಕಾಣದ ಬಟ್ಟೆಗಳ ಪರವಾಗಿ

ನಮ್ಮ ಮನೆಯ ಯುಟಿಲಿಟಿಯಲ್ಲಿ, ಪೊರಕೆಗೂ ಖಾಲಿ ಗ್ಯಾಸ್ ಸಿಲಿಂಡರಿಗೂ ನಡುವೆ ಸುಖಾಸೀನರಾಗಿರುವ, ಮೇಲಿನ ಬಾಯಿಂದ ಬಟ್ಟೆ ಸ್ವೀಕರಿಸುವ, ಏಳು ಕೆಜಿ ಸಾಮರ್ಥ್ಯದ ವಾಷಿಂಗ್ ಮೆಷೀನ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ವಿಶೇಷವಾಗಿ ಗಿಡ್ಡಗಿರುವ ಹಿಂಬದಿಯ ಎಡಪಾದಕ್ಕೆ, ಬಸವೇಶ್ವರನಗರದ ಅಡ್ಡರಸ್ತೆಯೊಂದರ ಮೊದಲ ಮಹಡಿಯ ನಿವಾಸಿಯೂ, ಹತ್ತೊಂಬತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಬೋಧಿಸುತ್ತಿರುವವನೂ, ವಾರಂಟಿ ಕಾರ್ಡಿನ ಪ್ರಕಾರ ತಮ್ಮ ಮಾಲೀಕನೂ ಆದ ಮಹದೇವ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮಗೆ ಹೊದಿಸಿರುವ ಹೂವಿನ ಚಿತ್ತಾರದ ಹೊದಿಕೆ ನಮ್ಮ ದಿವಾನಕ್ಕೂ ಇಲ್ಲ. ನಾವು ಮಾತ್ರ ಕ್ಷೇಮವಾಗಿಲ್ಲ. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಭಾನುವಾರ ಬೆಳಗ್ಗೆ, ಕಾಫಿ ಆರಿಹೋಗುವುದನ್ನೂ ಲೆಕ್ಕಿಸದೆ ಬರೆಯಲು ಕುಳಿತಿದ್ದೇನೆ. ಇದರ ಒಂದು ಪ್ರತಿಯನ್ನು ನಮ್ಮ ರಸ್ತೆಯ ನಿವಾಸಿಗಳ ಸಂಘದ ನೋಟಿಸ್ ಬೋರ್ಡಿಗೂ ಅಂಟಿಸಲಿದ್ದೇನೆ.

ದೂರಿಗೆ ಮುಂಚೆ ತಮ್ಮ ಗುಣಗಾನ ಮಾಡುವುದು ಧರ್ಮ. ಒಗೆಯುವುದರಲ್ಲಿ ತಮಗೆ ಸಾಟಿಯಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ನಡುವೆ ಒಂದು ಕ್ಷಣ ನಿಂತು ಯೋಚಿಸಿ, ಮತ್ತೆ ತಿರುಗುವ ತಮ್ಮ ಗಾಂಭೀರ್ಯ ನಮ್ಮ ಹೆಡ್‌ಮಾಸ್ಟರಿಗೂ ಒಲಿದಿಲ್ಲ. ನನ್ನ ಅಂಗಿಯ ಕಾಲರಿನಲ್ಲಿ ಕುಳಿತ ಸೀಮೆಸುಣ್ಣದ ಧೂಳನ್ನು ತಾವು ನಲವತ್ತು ನಿಮಿಷದಲ್ಲಿ ಬಿಡಿಸುತ್ತೀರಿ. ಸೋಪಿನ ನೀರನ್ನು ಗಟಗಟನೆ ಬಚ್ಚಲ ಕೊಳವೆಗೆ ಉಗುಳುತ್ತೀರಿ. ಅಲ್ಲಿಯವರೆಗೆ ತಮ್ಮ ಮೇಲೆ ಯಾವ ಆರೋಪವೂ ಇಲ್ಲ.

ಆರೋಪವಿರುವುದು ಜಾಲಿಸುವ ವಿಷಯದಲ್ಲಿ. ತಮ್ಮ ಕೈಪಿಡಿಯನ್ನು ನಾನು ಮೂರು ಬಾರಿ ಓದಿದ್ದೇನೆ, ತಾವು ಒಮ್ಮೆಯೂ ಓದಿದಂತಿಲ್ಲ. ಸೋಪಿನ ನೀರು ಹೋದ ಮೇಲೆ ಯಂತ್ರವು ಬಟ್ಟೆಯನ್ನು ಗರಗರನೆ ತಿರುಗಿಸಿ ಹಿಂಡಬೇಕು, ಡ್ರಮ್ಮಿನ ತುಂಬ ಹೊಸ ನೀರು ತುಂಬಿಕೊಳ್ಳಬೇಕು, ಬಟ್ಟೆ ಆ ನೀರಿನಲ್ಲಿ ತೇಲಿ ಹೊರಳಬೇಕು, ಆ ನೀರು ಹೋಗಬೇಕು, ಮತ್ತೆ ಹೊಸ ನೀರು ಬರಬೇಕು ಎಂದು ಅಲ್ಲಿ ಚಿತ್ರಸಹಿತ ಬರೆದಿದೆ. ತಾವು ಮಾಡುವುದೇನು? ನಲ್ಲಿಯಿಂದ ಅರ್ಧ ಗಂಟೆ ಜುಳುಜುಳು ನೀರು ಎಳೆಯುತ್ತೀರಿ. ಡ್ರಮ್ಮಿನಲ್ಲಿ ನೋಡಿದರೆ ಒಂದು ಗೇಣು ನೀರೂ ಇರುವುದಿಲ್ಲ, ಬಟ್ಟೆಗಳು ತಳಕ್ಕೆ ಅಂಟಿಕೊಂಡು ಮಲಗಿರುತ್ತವೆ. ಕೊನೆಗೆ ಹಣೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರ ಮಿನುಗಿಸಿ ಕೀಂಕೀಂ ಎಂದು ಅಳುತ್ತೀರಿ. ನಾನು ಗುಂಡಿ ಒತ್ತಿ ಸಮಾಧಾನ ಮಾಡಿದರೆ ಇದ್ದ ಬೊಗಸೆ ನೀರಿನಲ್ಲೇ ಎರಡು ಸುತ್ತು ಹಾಕಿ, ನೊರೆ ಸಮೇತ ಬಟ್ಟೆಯನ್ನು ಒಪ್ಪಿಸಿ, ದೊಡ್ಡ ಸಾಧನೆ ಮಾಡಿದವರಂತೆ ಹಾಡು ಹಾಡುತ್ತೀರಿ.

ನೊರೆ ಉಳಿದರೆ ಏನು ಮಹಾ ಎಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ಅಕ್ಕಯ್ಯಮ್ಮ ಎಂಬ ಎಪ್ಪತ್ತೆರಡು ವರ್ಷದ ನ್ಯಾಯಾಧೀಶರಿದ್ದಾರೆ, ಅವಳು ನನ್ನ ಅಮ್ಮ. (ತಮ್ಮನ್ನು ಬಹುವಚನದಲ್ಲಿ ಕರೆಯುವ ನಾನು ಹೆತ್ತ ತಾಯಿಯನ್ನು ಏಕವಚನದಲ್ಲಿ ಕರೆಯುತ್ತೇನೆ, ತಮ್ಮ ಸ್ಥಾನಮಾನ ಇದರಿಂದಲೇ ತಿಳಿಯುತ್ತದೆ.) ಮಾಳಗಾಳದ ಕೆರೆಯ ಕೆಳಗಿನ ಗದ್ದೆಯಲ್ಲಿ ಬೆಳೆದ ಅವಳು, ಬಟ್ಟೆ ಮೂರು ನೀರು ಕಾಣಬೇಕು, ಮೂರನೇ ನೀರು ಕುಡಿಯುವಷ್ಟು ತಿಳಿಯಾಗಿರಬೇಕು ಎಂಬ ಕಾನೂನಿನಲ್ಲಿ ಐದು ದಶಕ ತಾರಸಿಯ ಒಗೆಯುವ ಕಲ್ಲನ್ನು ಆಳಿದವಳು. ಹೋದ ಆಷಾಢದಲ್ಲಿ ಅದೇ ಕಲ್ಲಿನ ಬುಡದ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕಟ್ಟು ಬಿಚ್ಚಿದ ದಿನ ಮುಖ್ಯರಸ್ತೆಯ ಕ್ಲಿನಿಕ್ಕಿನ ಡಾಕ್ಟರಮ್ಮ, "ಅಜ್ಜಿ, ಇನ್ಮೇಲೆ ಒಗೆಯೋದು ಹಿಂಡೋದು ಎಲ್ಲ ಬಿಟ್ಬಿಡಿ, ಇನ್ನೊಂದ್ ಸಲ ಮುರಿದ್ರೆ ಕೂಡಲ್ಲ" ಎಂದರು. ಆ ವಾರವೇ ತಮ್ಮನ್ನು ಆಹ್ವಾನಿಸಿದ್ದು.

ಅಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಆಯ್ತು ಕಣೋ, ಅದೇ ಒಗೀಲಿ. ಆದ್ರೆ ಲೋಟದಲ್ಲಿ ನೊರೆ ಬಂತೋ, ನಾನೇ ಮೇಲೆ ತಗೊಂಡ್ಹೋಗಿ ಜಾಲಿಸ್ತೀನಿ" ಎಂದಳು. ತಾವು ಒಗೆದು ಕೊಟ್ಟ ಬಟ್ಟೆಯ ಅಂಚನ್ನು ಸ್ಟೀಲಿನ ಲೋಟದ ಶುದ್ಧ ನೀರಿನಲ್ಲಿ ಅದ್ದಿ, ಎರಡೇ ಬೆರಳಲ್ಲಿ ಹಿಸುಕಿ, ಲೋಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದೇ ಆ ಪರೀಕ್ಷೆ. ಐದು ವಾರದಲ್ಲಿ ತಾವು ಅದರಲ್ಲಿ ಪಾಸಾದದ್ದು ಎರಡು ಕರವಸ್ತ್ರ ಮತ್ತು ಒಂದು ಕಾಲುಚೀಲದಲ್ಲಿ. ನನ್ನ ಶಾಲೆಯಲ್ಲಾಗಿದ್ದರೆ ತಮ್ಮ ಪೋಷಕರನ್ನು ಕರೆಸುತ್ತಿದ್ದೆ.

ಕಳೆದ ಗುರುವಾರ ಅರ್ಧ ದಿನ ರಜೆ ಹಾಕಿ ಮನೆಗೆ ಬಂದರೆ ಅಮ್ಮ ಕೆಳಗಿರಲಿಲ್ಲ. ತಾರಸಿಗೆ ಓಡಿದೆ. ಉರಿಬಿಸಿಲಿನಲ್ಲಿ, ಡಬಲ್ ಕಾಟಿನ ಬೆಡ್‌ಶೀಟಿನ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ತಿರುಚುತ್ತ, ಊದಿದ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನನ್ನು ನೋಡಿ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ, "ಇದೊಂದೇ ಕಣೋ, ನಿನ್ ಮೆಷೀನು ಸರಿಯಾಗಿ ಜಾಲಿಸಿರಲಿಲ್ಲ" ಎಂದಳು. ಮಾನ್ಯರೇ, ತಮ್ಮ ಹಾಸ್ಯಪ್ರಜ್ಞೆಯನ್ನು ನಾನು ಎಷ್ಟು ಮೆಚ್ಚಿದರೂ ಆ ದಿನ ನಗು ಬರಲಿಲ್ಲ, ನಲ್ಲಿಯ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಆ ಕೈ ಇನ್ನೊಮ್ಮೆ ಮುರಿದರೆ ಅದಕ್ಕೆ ತಾವೇ ಹೊಣೆ.

ನಾನೇನು ಕೈಕಟ್ಟಿ ಕುಳಿತಿಲ್ಲ. ನೀರು ಒಳಬರುವ ಕಡೆಯ ಸಣ್ಣ ಜಾಲರಿಯನ್ನು ಬಿಚ್ಚಿ, ಬೋರ್‌ವೆಲ್ ನೀರಿನ ಬಿಳಿ ಹರಳನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಪಂಪಿನ ಬಾಯಿಂದ ಎರಡು ಹೇರ್‌ಪಿನ್ನು ಮತ್ತು ನನ್ನದೇ ಜೇಬಿನ ಒಂದು ಸೀಮೆಸುಣ್ಣದ ಚೂರು ಹೊರತೆಗೆದೆ. ಮುಚ್ಚಳದ ಸ್ವಿಚ್ಚನ್ನು ಸಂಶಯಿಸಿ ಅದರ ಮೇಲೆ ಡಿಕ್ಷನರಿ ಹೇರಿದೆ. ತಾವು ಹಿಂಡುವ ಭರದಲ್ಲಿ ಒಂದೂವರೆ ಅಡಿ ನಡೆದುಹೋಗಿ ಸಿಲಿಂಡರನ್ನು ಅಪ್ಪಿಕೊಂಡ ದಿನ, ಗಿಡ್ಡ ಪಾದದ ಕೆಳಗೆ ಹಳೆಯ ಡಸ್ಟರಿನ ತುಂಡು ಕೊಟ್ಟೆ. ಬೆಲ್ಟು ಸಡಿಲವೇ, ನೀರಿನ ಮಟ್ಟ ಅಳೆಯುವ ಸೆನ್ಸಾರ್ ಸತ್ತಿದೆಯೇ ಎಂದು ಮೊಬೈಲಿನಲ್ಲಿ ಇಪ್ಪತ್ತು ವಿಡಿಯೋ ನೋಡಿದೆ. ನನ್ನ ಹೆಂಡತಿ ಮಾಲಾ, "ಮಕ್ಕಳ ಉತ್ತರಪತ್ರಿಕೆಗೂ ಇಷ್ಟು ಹೊತ್ತು ಕೊಟ್ಟಿಲ್ಲ ನೀವು" ಎಂದಳು.

ಇದಿಷ್ಟೇ ಅಲ್ಲ, ತಮ್ಮಿಂದ ಈ ರಸ್ತೆಗೇ ಕೀರ್ತಿ ತಂದವನು ನಾನು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ನಮ್ಮ ಬಡಾವಣೆಯಲ್ಲಿ ಜಾಲಿಸಿದ ನೀರನ್ನು ಚರಂಡಿಗೆ ಬಿಡುವುದು ಪಾಪ. ಹಾಗಾಗಿ ತಾವು ಸೋಪಿನ ನೀರು ಉಗುಳಿದ ಕೂಡಲೇ, ಗೋಡೆಯಲ್ಲಿ ಸೊಂಟದೆತ್ತರದ ಕೊಕ್ಕೆಗೆ ಸಿಕ್ಕಿಸಿರುವ ತಮ್ಮ ಹೊರಹೋಗುವ ಪೈಪನ್ನು ಇಳಿಸಿ ನೆಲದ ಮೇಲಿನ ಬಕೆಟ್ಟಿಗೆ ಬಿಡುತ್ತೇನೆ. ಒಂದು ತುಂಬಿದರೆ ಇನ್ನೊಂದು ಒಡ್ಡುತ್ತೇನೆ. ಎರಡು ಬಕೆಟ್ ಸಿಕ್ಕೀತೆಂದು ಎಣಿಸಿದ್ದರೆ ಐದು, ಆರು ಸಿಗುತ್ತಿವೆ, ಅದೂ ಎಷ್ಟು ತಿಳಿ ನೀರು! ಅದರಿಂದ ಬಾಗಿಲು ತೊಳೆದು, ಕಾಂಪೌಂಡು ತೊಳೆದು, ಹೊಂಗೆ ಮರಕ್ಕೆ ಉಣಿಸಿ, ಮಿಕ್ಕಿದ್ದನ್ನು ಪಕ್ಕದ ಮನೆಯ ಅಂಗಳಕ್ಕೂ ದಾನ ಮಾಡುತ್ತೇನೆ. ಸಂಘದ ಸಭೆಯಲ್ಲಿ ಈ ವಿಧಾನದ ಪ್ರಾತ್ಯಕ್ಷಿಕೆ ಕೊಟ್ಟು ಶಾಲು ಹೊದಿಸಿಕೊಂಡಿದ್ದೇನೆ. ಅಮ್ಮ ಮಾತ್ರ ಮೊದಲ ವಾರವೇ ಬಕೆಟ್ಟಿಗೆ ಕೈ ಅದ್ದಿ ನೋಡಿ, "ತೂಬು ಎತ್ತಿಟ್ಟು ಕೆರೆ ತುಂಬ್ಲಿಲ್ಲ ಅಂದ್ರೆ ಎಲ್ಲಿಂದ ತುಂಬುತ್ತೋ" ಎಂದಿದ್ದಳು. ವಯಸ್ಸಾದವರಿಗೆ ಎಲ್ಲದಕ್ಕೂ ಊರಿನ ಕೆರೆಯೇ, ಗದ್ದೆಗೆ ನೀರು ಬಿಡುವ ಅದರ ತೂಬೇ ನೆನಪಾಗುತ್ತದೆ. ದೂರು ಪೂರ್ಣವಾಗಿರಲಿ ಎಂದಷ್ಟೇ ಅದನ್ನು ಇಲ್ಲಿ ದಾಖಲಿಸಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಷ್ಟು. ತಾವು ಇನ್ನು ಮುಂದೆ ಮೂರು ನೀರಿನಲ್ಲಿ ಜಾಲಿಸಿ, ಮೂರನೆಯದನ್ನು ಲೋಟದಲ್ಲಿ ಹಿಡಿದು ಸ್ವತಃ ಅಮ್ಮನಿಗೆ ತೋರಿಸಿ ಸಹಿ ಪಡೆಯಬೇಕು. ಸಿಲಿಂಡರಿನ ಜೊತೆಗಿನ ಸಲಿಗೆಯನ್ನು ಕಡಿಮೆ ಮಾಡಬೇಕು. ಬಟ್ಟೆಯಲ್ಲಿ ನೊರೆ ಇರುವಾಗ ವಿಜಯಗೀತೆ ಹಾಡಕೂಡದು. ಹಣೆಯ ಮೇಲೆ ಇಂಗ್ಲಿಷ್ ಅಕ್ಷರ ಮಿನುಗಿಸುವ ಬದಲು, ಈ ನೆಲದ ಅನ್ನ ಅಲ್ಲದಿದ್ದರೂ ನೀರು ಕುಡಿಯುತ್ತಿರುವ ಋಣಕ್ಕಾದರೂ, ಏನಾಗಿದೆ ಎಂಬುದನ್ನು ಅಚ್ಚ ಕನ್ನಡದಲ್ಲಿ

ಮೇಲಿನ ವಾಕ್ಯ ಅಲ್ಲಿಗೇ ನಿಂತದ್ದು ಕರೆಗಂಟೆ ಬಾರಿಸಿದ್ದರಿಂದ. ಇದನ್ನು ಮುಂದುವರಿಸುತ್ತಿರುವುದು ಬುಧವಾರ ಸಂಜೆ. ನಡುವಿನ ಮೂರು ದಿನ ನಾನು ತಮ್ಮ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ.

ಭಾನುವಾರ ಬಾಗಿಲಲ್ಲಿ ನಿಂತಿದ್ದವರು ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ನಾಗಭೂಷಣ್, ಐವತ್ತರ ಆಸುಪಾಸಿನ, ಅವಸರವಿಲ್ಲದ ಮನುಷ್ಯ. ಮಾಲಾ ಫೋನ್ ಮಾಡಿ ಕರೆಸಿದ್ದಳು. ಅವರು ತಮ್ಮ ಯಾವ ತಿರುಪನ್ನೂ ಮುಟ್ಟಲಿಲ್ಲ. ಒಂದು ಹೊರೆ ಬಟ್ಟೆ ಹಾಕಿಸಿ, ಸ್ಟೂಲಿನ ಮೇಲೆ ಕುಳಿತು ಸುಮ್ಮನೆ ನೋಡಿದರು. ತಾವು ಒಗೆದಿರಿ, ಉಗುಳಿದಿರಿ, ಹಿಂಡಿದಿರಿ. ನಾನು ಅಭ್ಯಾಸಬಲದಿಂದ ಪೈಪನ್ನು ಕೊಕ್ಕೆಯಿಂದ ಇಳಿಸಿ ಬಕೆಟ್ಟಿಗೆ ಬಿಟ್ಟೆ. "ಏನ್ ಸಾರ್ ಮಾಡ್ತಾ ಇದೀರಾ?" ಎಂದರು. ನೀರು ಉಳಿಸುತ್ತಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದೆ. "ಒಂದ್ ನಿಮಿಷ ಅದನ್ನ ಮತ್ತೆ ಮೇಲೆ ಸಿಕ್ಸಿ ಸಾರ್" ಎಂದರು. ಸಿಕ್ಕಿಸಿದೆ. ಮಾನ್ಯರೇ, ತಮ್ಮೊಳಗೆ ನೀರು ಏರತೊಡಗಿತು. ಐದು ವಾರ ತಳಕ್ಕಂಟಿ ಮಲಗಿದ್ದ ಬಟ್ಟೆಗಳು ಎದ್ದು, ತೇಲಿ, ಹೊರಳಿ, ಈಜಾಡಿದವು. ಅಷ್ಟು ದಿನ ನಲ್ಲಿಯಿಂದ ಬಂದ ನೀರು ಬಟ್ಟೆಯನ್ನು ಮಾತಾಡಿಸದೆ, ತಗ್ಗಿಸಿದ ಪೈಪಿನಲ್ಲಿ ಇಳಿದು ನೇರವಾಗಿ ನನ್ನ ಬಕೆಟ್ಟಿಗೆ ಬರುತ್ತಿತ್ತು. ಅದು ಅಷ್ಟು ತಿಳಿಯಾಗಿದ್ದದ್ದು ಆ ಕಾರಣಕ್ಕೇ.

ನಾಗಭೂಷಣ್ ಕೈ ಒರೆಸಿಕೊಳ್ಳುತ್ತ, ನಾನೇನು ಕೆಲಸ ಮಾಡುತ್ತೇನೆಂದು ವಿಚಾರಿಸಿದರು. ಹೈಸ್ಕೂಲ್ ಟೀಚರ್ ಎಂದೆ. "ಯಾವ ಸಬ್ಜೆಕ್ಟು ಸಾರ್?" ಎಂದರು. ನೀರು ತಗ್ಗಿಗೆ ಹರಿಯುತ್ತದೆ, ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಹತ್ತೊಂಬತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ನಾನು ಸಮಾಜ ಎಂದುಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಸೈನ್ಸು ಕಣಪ್ಪ" ಎಂದಳು.

ಆದರೂ ಮೇಲಿನ ಆರೋಪಗಳನ್ನು ನಾನು ಹರಿದು ಹಾಕುತ್ತಿಲ್ಲ. ತಪ್ಪು ಉತ್ತರವನ್ನು ಅಳಿಸಬೇಡಿ, ಓದುವವರಿಗೆ ಕಾಣುವ ಹಾಗೆ ಇರಲಿ ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ. ಜೊತೆಗೆ ನನ್ನದೊಂದು ಅಳಲು ಈಗಲೂ ಉಳಿದಿದೆ. ತಮಗೆ ಮೊದಲ ದಿನವೇ ಗೊತ್ತಿತ್ತು. ಐದು ವಾರ ಮಿನುಗಿಸಿದ ಆ ಎರಡಕ್ಷರದ ಬದಲು "ಪೈಪು ಮೇಲೆತ್ತೋ ಪೆದ್ದ" ಎಂದು ಒಂದು ಮಾತು ಆಡಿದ್ದರೆ ಅಮ್ಮನ ಕೈ ಊದುತ್ತಿರಲಿಲ್ಲ. ಆಡಿದ್ದರೂ ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು. ಅಚ್ಚ ಕನ್ನಡದಲ್ಲಿ ಅದನ್ನೇ ಹೇಳಿದವಳು ಮನೆಯಲ್ಲೇ ಇದ್ದಳು. ಇಂಗ್ಲಿಷ್ ಅಕ್ಷರದ ಅರ್ಥ ಹುಡುಕಿ ಇಪ್ಪತ್ತು ವಿಡಿಯೋ ನೋಡಿದ ನಾನು, ಅವಳ ಮಾತಿನ ಅರ್ಥವೇನೆಂದು ಒಂದು ಸಲವೂ ಕೇಳಲಿಲ್ಲ.

ಭಾನುವಾರ ಅಮ್ಮ ನನ್ನ ಅಂಗಿಯ ಕಾಲರನ್ನು ಲೋಟದಲ್ಲಿ ಹಿಸುಕಿ ಬೆಳಕಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು. ನೀರನ್ನು ತುಳಸಿಗೆ ಸುರಿದು ಒಳಗೆ ಹೋದವಳು, ಹಸಿರು ಚೌಕಳಿಯ ಹತ್ತಿ ಸೀರೆ ಹಿಡಿದು ಬಂದಳು. ತಮಗೆ ಗೊತ್ತಿರಲಿಕ್ಕಿಲ್ಲ, ಇಷ್ಟು ದಿನ ಅವಳು ತನ್ನ ಒಂದೇ ಒಂದು ಸೀರೆಯನ್ನೂ ತಮ್ಮ ಬಾಯಿಗೆ ಹಾಕಿರಲಿಲ್ಲ. ಅದನ್ನು ತಾನೇ ಹಾಕಿ, ಪೈಪು ಕೊಕ್ಕೆಯಲ್ಲಿದೆಯೇ ಎಂದು ಒಮ್ಮೆ ನೋಡಿ, ನನ್ನನ್ನೂ ಒಮ್ಮೆ ನೋಡಿ, ಎಡಗೈಯಲ್ಲಿ ಮುಚ್ಚಳ ಮುಚ್ಚಿದಳು. ಇವತ್ತು ಶಾಲೆಯಿಂದ ಬಂದವನೇ ಚೀಲವನ್ನೂ ಇಳಿಸದೆ ತಾರಸಿಗೆ ಹತ್ತಿದೆ. ಅಮ್ಮ ಅಲ್ಲಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಒಣಹಾಕಿದ್ದಳು.

ತಮ್ಮ ಪೈಪನ್ನು ಇನ್ನೆಂದೂ ತಗ್ಗಿಸದ, ಸದ್ಯಕ್ಕೆ ತಲೆಯನ್ನು ಮಾತ್ರ ತಗ್ಗಿಸಿರುವ,

ತಮ್ಮ ವಿಶ್ವಾಸಿ,
ಮಹದೇವ್
ವಿಜ್ಞಾನ ಶಿಕ್ಷಕ (ಅಮ್ಮನ ಹೇಳಿಕೆಯ ಮೇರೆಗೆ)

ಮರೆಯಬಾರದ ಮಾತು: ಸಂಘದ ಸಭೆಯಲ್ಲಿ ನನ್ನ ಪ್ರಾತ್ಯಕ್ಷಿಕೆ ನೋಡಿ ಚಪ್ಪಾಳೆ ತಟ್ಟಿದ ನಾಲ್ಕು ಮನೆಯವರು ದಯವಿಟ್ಟು ಈ ನೋಟಿಸನ್ನು ಓದಿದ ಕೂಡಲೇ ಪೈಪನ್ನು ಕೊಕ್ಕೆಗೆ ಸಿಕ್ಕಿಸತಕ್ಕದ್ದು. ಶಾಲನ್ನು ಜಾಲಿಸಿ, ಮೂರು ನೀರು ಕಾಣಿಸಿ, ಸಂಘಕ್ಕೆ ಹಿಂದಿರುಗಿಸಲಾಗುವುದು. ಪಕ್ಕದ ಮನೆಯ ಜಯದೇವಿಯವರು ಭಾನುವಾರವೇ ಕಾಂಪೌಂಡಿನಾಚೆಯಿಂದ, "ಮಾಸ್ತರ್ರ, ನೀವು ಹೇಳಿಕೊಟ್ಟಾಗಿಂದ ನಮ್ಮ ಮಷಿನ್ನಿಗೆ ಏನೋ ಆಗೇತ್ರಿ" ಎಂದರು. ಅದು ನಾಗಭೂಷಣ್ ಕಿವಿಗೂ ಬಿತ್ತು. ಅವರು ಸ್ಕೂಟರ್ ಹತ್ತುತ್ತ ಬಹಳ ಗೌರವದಿಂದ ಕೇಳಿದ್ದು ಇಷ್ಟೇ: "ಸಾರ್, ಮುಂದಿನ ಡೆಮೋ ಯಾವ ರೋಡಲ್ಲಿ ಇಟ್ಕೊಂಡಿದೀರಾ? ಮೊದ್ಲೇ ಹೇಳಿ, ಕಾರ್ಡ್ ಹಂಚೋಕೆ ಬರ್ತೀನಿ."