ಕಳ್ಳಗಾಳಿ ಹಿಡಿಯುವ ಭಾವ

ಹೆಣ್ಣು ನೋಡಲು ಬಂದು, ಹೆಣ್ಣಿನ ಮುಖ ನೋಡುವುದಕ್ಕೂ ಮೊದಲು ಆ ಮನೆಯ ಮಿಕ್ಸಿಯ ಜಾತಕ ಹೇಳಿದ ಗಂಡು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಭಾವ!

ಅವತ್ತು ಅಕ್ಕ ರೂಮಿನಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅಮ್ಮ ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದರು. ನಡುಮನೆಯಲ್ಲಿ ಹಿರಿಯರು ಗೋತ್ರ, ನಕ್ಷತ್ರ ಎಂದು ಮಾತಾಡುತ್ತಿರುವಾಗ ಹುಡುಗ ಇದ್ದಕ್ಕಿದ್ದಂತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ತಲೆ ಓರೆ ಮಾಡಿ ಕೇಳಿಸಿಕೊಂಡು, "ಮಿಕ್ಸಿ ಬುಷ್ ಸವೆದುಹೋಗಿದೆ ಸಾರ್. ಇನ್ನೊಂದು ವಾರ ಅಷ್ಟೇ" ಎಂದರು. ಅಪ್ಪನ ಮುಖ ನೋಡಬೇಕಿತ್ತು! ಉಪ್ಪಿಟ್ಟು ತಿಂದು ಹೋದ ಗಂಡು ಹುಡುಗಿಯ ಬಗ್ಗೆ ಒಂದು ಮಾತೂ ಆಡದೆ ಹೋಯಿತಲ್ಲ ಎಂದು ಅಮ್ಮ ಪೇಚಾಡಿಕೊಂಡರು. ಸರಿಯಾಗಿ ಏಳನೆಯ ದಿನ ನಮ್ಮ ಮಿಕ್ಸಿ ಕಿರ್ರ್ ಎಂದು ನಿಂತುಹೋಯಿತು. "ಈ ಹುಡುಗ ಹೇಳಿದ್ದು ಆಗುತ್ತೆ ಕಣೇ" ಎಂದು ಅಪ್ಪ ಅವತ್ತೇ ಒಪ್ಪಿಗೆ ಕಳಿಸಿದರು. ನಮ್ಮಕ್ಕನ ಮದುವೆಗೆ ದಲ್ಲಾಳಿ ಯಾರು ಎಂದು ಯಾರಾದರೂ ಕೇಳಿದರೆ ನಾವು ಈಗಲೂ ಆ ಬುಷ್ಷಿನ ಕಡೆಗೇ ಕೈ ತೋರಿಸುತ್ತೇವೆ.

ಭಾವ ಹೊಟ್ಟೆಪಾಡಿಗೆ ಮೂವತ್ತೈದು ವರ್ಷ ವಿಮಾ ಕಚೇರಿಯಲ್ಲಿ ಫೈಲು ತಳ್ಳಿದರು. ಆದರೆ ದೇವರು ಅವರಿಗೆ ಕಿವಿ ಕೊಟ್ಟಿದ್ದು ಫೈಲಿಗಾಗಿ ಅಲ್ಲ. ಜೆ.ಪಿ. ನಗರದ ಅವರ ಮನೆಯ ವರಾಂಡದಲ್ಲಿ ಪೇಪರ್ ಓದುತ್ತಾ ಕೂತು, ಅಡುಗೆಮನೆಯ ಕುಕ್ಕರ್ ಕೂಗಿದರೆ ಒಳಗೆ ಬೇಯುತ್ತಿರುವುದು ತೊಗರಿಬೇಳೆಯೋ ಹೆಸರುಬೇಳೆಯೋ ಹೇಳುತ್ತಿದ್ದರು. ಸುಳ್ಳಲ್ಲ, ನಾನೇ ಎರಡು ಸಲ ಪರೀಕ್ಷೆ ಮಾಡಿದ್ದೇನೆ! ಒಮ್ಮೆ ನಾವೆಲ್ಲ ಬಿಟಿಎಂ ಲೇಔಟಿಗೆ ಆಟೋದಲ್ಲಿ ಹೋಗುವಾಗ ಅರ್ಧ ದಾರಿಯಲ್ಲಿ ಭಾವ ಡ್ರೈವರಿನ ಬೆನ್ನು ತಟ್ಟಿದರು.

"ಅಣ್ಣಾ, ಸೈಲೆನ್ಸರ್ ಬೋಲ್ಟ್ ಲೂಸಾಗಿದೆ. ಹಿಂದ್ಗಡೇದು."

"ಸಾರ್, ನಿನ್ನೆ ತಾನೇ ಸರ್ವೀಸ್ ಮಾಡ್ಸಿದೀನಿ. ಸುಮ್ನೆ ಕೂತ್ಕೊಳ್ಳಿ."

ಮುಂದಿನ ಹಂಪಿನಲ್ಲಿ ಸೈಲೆನ್ಸರ್ ಧಡಾರನೆ ರಸ್ತೆಗೆ ಬಿತ್ತು. ಆ ಡ್ರೈವರ್ ಮರುದಿನ ಬೆಳಿಗ್ಗೆ ಭಾವನ ಮನೆ ಹುಡುಕಿಕೊಂಡು ಬಂದ. ಒಬ್ಬನೇ ಬಂದಿದ್ದರೆ ಪರವಾಗಿರಲಿಲ್ಲ, ಸ್ಟ್ಯಾಂಡಿನ ಇನ್ನೂ ನಾಲ್ಕು ಆಟೋಗಳನ್ನು ಕರೆತಂದಿದ್ದ! ಡಾಕ್ಟರ ಕ್ಲಿನಿಕ್ಕಿನ ಮುಂದೆ ನಿಂತಂತೆ ಐದು ಆಟೋ ಸಾಲಾಗಿ ನಿಂತವು. ಅಕ್ಕ ಎಲ್ಲರಿಗೂ ಕಾಫಿ ಮಾಡಿ ಸುಸ್ತಾದಳು.

ಇಂಥ ಕಿವಿಯ ಮುಖ್ಯ ರೋಗಿ ಮಾತ್ರ ಮನೆಯೊಳಗೇ ಇತ್ತು. ಮದುವೆಗೆ ಎರಡು ವರ್ಷ ಮೊದಲು ಭಾವ ಕೊಂಡ ಟೂ ಸ್ಟ್ರೋಕ್ ಬೈಕು! ಅದನ್ನು ತಯಾರಿಸಿದ ಕಂಪನಿ ಈಗಿಲ್ಲ. ಅದನ್ನು ಮಾರಿದ ಅಂಗಡಿ ಇದ್ದ ಜಾಗದಲ್ಲಿ ಬ್ಯೂಟಿ ಪಾರ್ಲರ್ ಇದೆ. ಬೈಕು ಮಾತ್ರ ಇದೆ. ಅದಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಕಾಯಿಲೆಗೆ ಭಾವ ಇಟ್ಟ ಹೆಸರು ಕಳ್ಳಗಾಳಿ.

"ಎಂಜಿನ್ನಿಗೆ ಗಾಳಿ ಬೇಕಮ್ಮ, ಬೇಡ ಅನ್ನಲ್ಲ. ಆದ್ರೆ ಮುಂಬಾಗಿಲಿಂದ ಬರ್ಬೇಕು. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಜೊತೆ ಸೇರ್ಕೊಂಡು, ಮರ್ಯಾದೆಯಾಗಿ ಒಳಗೆ ಹೋಗ್ಬೇಕು. ಮಧ್ಯ ಒಂದು ರಬ್ಬರ್ ಪೈಪ್ ಇದೆ ನೋಡು, ಅದು ಬಿರುಕು ಬಿಟ್ರೆ ಹಿತ್ಲಿಂದ ನುಗ್ಗುತ್ತೆ. ಅದೇ ಕಳ್ಳಗಾಳಿ."

ಕಳ್ಳಗಾಳಿ ನುಗ್ಗಿದರೆ ಏನಾಗುತ್ತದೆ? ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಅರಚುವುದನ್ನು ಬಿಡುವುದಿಲ್ಲ. ಅರಚಿ ಅರಚಿ ಕಾದು, ಒಂದು ದಿನ ನಡುರಸ್ತೆಯಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಂತೇಬಿಡುತ್ತದೆ. ಮೇಲೆ ಕೂತವರ ಗತಿ ಆಮೇಲೆ ದೇವರೇ ನೋಡಿಕೊಳ್ಳಬೇಕು. ಇದನ್ನು ಪತ್ತೆ ಹಚ್ಚಲು ಭಾವನ ಬಳಿ ಗಿಡಕ್ಕೆ ನೀರು ಹಾಯಿಸುವ ಪೈಪಿನ ಒಂದು ಮೊಳದ ತುಂಡಿತ್ತು. ಎಂಜಿನ್ ಓಡುತ್ತಿರುವಾಗ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಜಾಯಿಂಟಿನ ಸುತ್ತ. ಬಿರುಕಿದ್ದಲ್ಲಿ ಗಾಳಿ ಎಳೆಯುವ ಸದ್ದು ಕೇಳಿಸುತ್ತದಂತೆ. ಕಣ್ಣು ಮುಚ್ಚಿ ಕೂತರೆ ಎರಡು ನಿಮಿಷದೊಳಗೆ "ಸಿಕ್ದ!" ಎನ್ನುವರು. ಯಾವ ಮೆಕ್ಯಾನಿಕ್ಕಿಗೂ ಈ ವಿದ್ಯೆ ಇರಲಿಲ್ಲ, ನಾನು ಬೇಕಾದರೆ ಬರೆದುಕೊಡುತ್ತೇನೆ.

ಗಾಳಿ ಸೋರದಂತೆ ಜಾಯಿಂಟುಗಳ ಮಧ್ಯೆ ಕೂರಿಸುವ ಗ್ಯಾಸ್ಕೆಟ್ಟನ್ನು ಭಾವ ಅಂಗಡಿಯಿಂದ ತರುತ್ತಿರಲಿಲ್ಲ. ಮದುವೆ ಕಾರ್ಡಿನಿಂದ ಕತ್ತರಿಸುತ್ತಿದ್ದರು! ಅವರ ಮನೆಗೆ ಯಾರೇ ಲಗ್ನಪತ್ರಿಕೆ ತಂದರೂ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಅದರ ದಪ್ಪ ನೋಡುವರು. ತೆಳುವಾಗಿದ್ದರೆ "ಪರವಾಗಿಲ್ಲ, ಬರ್ತೀವಿ." ದಪ್ಪಗಿದ್ದರೆ ಮುಖ ಅರಳಿ, "ತುಂಬಾ ಒಳ್ಳೆ ಮನೆತನ!"

ಹೀಗೆ ನಮ್ಮ ನೆಂಟರೊಬ್ಬರ ಮಗನ ಮದುವೆಗೆ ಚೆನ್ನಾಗಿ ದಪ್ಪಗಿರುವ ಕಾರ್ಡ್ ಬಂತು. ಅಕ್ಕ ಅದನ್ನು ಓದುವುದರೊಳಗೆ ಅದು ಬೈಕಿನೊಳಗೆ ಸೇರಿಹೋಗಿತ್ತು. ಕತ್ತರಿ ಹೋದದ್ದು ಸರಿಯಾಗಿ ಛತ್ರದ ಹೆಸರಿದ್ದ ಜಾಗದಲ್ಲಿ! "ಉತ್ತರಹಳ್ಳಿ ಅಂತ ಇತ್ತು, ನಂಗೆ ನೆನಪಿದೆ" ಎಂದು ಭಾವ ಧೈರ್ಯ ಹೇಳಿದರು. ಉತ್ತರಹಳ್ಳಿಯಲ್ಲಿ ಇರುವುದು ಒಂದೇ ಛತ್ರವೇ? ನಾವು ಮೂವರೂ ಮೊದಲು ಕಂಡ ತೋರಣಕ್ಕೆ ನುಗ್ಗಿದೆವು. ಪಂಕ್ತಿ ಶುರುವಾಗಿತ್ತು, ಕೂತೆವು. ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಂಡೆವು. ವೇದಿಕೆ ಹತ್ತಿ ನೋಡುತ್ತೇವೆ, ಗಂಡು ನಮ್ಮವನಲ್ಲ, ಹೆಣ್ಣೂ ಗೊತ್ತಿಲ್ಲ, ಫೋಟೋಗ್ರಾಫರ್ ಆಗಲೇ "ಸ್ಮೈಲ್ ಮಾಡಿ ಆಂಟಿ" ಎನ್ನುತ್ತಿದ್ದಾನೆ! ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ. ಭಾವ ಮಾತ್ರ ಗಂಭೀರವಾಗಿ ಅಕ್ಷತೆ ಹಾಕಿ, "ನೂರು ವರ್ಷ ಚೆನ್ನಾಗಿರಿ" ಎಂದು ಹರಸಿ ಇಳಿದು ಬಂದರು. ದಾರಿಯುದ್ದಕ್ಕೂ ಅಕ್ಕ ಬೈದಳು. ಅಷ್ಟನ್ನೂ ಕೇಳಿಸಿಕೊಂಡು ಮನೆ ಬಾಗಿಲಲ್ಲಿ ಭಾವ ಹೇಳಿದ್ದು ಒಂದೇ ಮಾತು. "ಆದ್ರೆ ಗ್ಯಾಸ್ಕೆಟ್ ಮಾತ್ರ ಒಂದು ಚೂರೂ ಲೀಕಿಲ್ಲ."

ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಮೊನ್ನೆ ಬನಶಂಕರಿ ಸಿಗ್ನಲ್ಲಿನಲ್ಲಿ ನಡೆದದ್ದಕ್ಕೆ ನನಗೆ ನಗು ಬರಲಿಲ್ಲ.

ಭಾವ ನನ್ನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬಿಡಲು ಬರುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತೆವು. ಗೇರು ತೆಗೆದಿದ್ದರು, ಎಕ್ಸಲರೇಟರ್ ಬಿಟ್ಟಿದ್ದರು. ಬೈಕು ಮಾತ್ರ ತಾರಕಕ್ಕೇರಿ ಅರಚುತ್ತಿತ್ತು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಒಂದು ಮಗು ಕಿವಿ ಮುಚ್ಚಿಕೊಂಡಿತು. ಭಾವ ಪಾರ್ಕಿನ ಬೆಂಚಿನ ಮೇಲೆ ಕೂತವರ ಹಾಗೆ ಆರಾಮಾಗಿ ಕೆಂಪು ದೀಪ ನೋಡುತ್ತಿದ್ದರು! ಟ್ರಾಫಿಕ್ ಪೊಲೀಸ್ ಬಂದು ಟ್ಯಾಂಕ್ ಮೇಲೆ ಬಡಿದ.

"ಯಜಮಾನ್ರೇ, ಗಾಡಿ ಹಂಗೆ ಕಿರುಚ್ತಾ ಇದೆ, ಕೇಳಿಸ್ತಿಲ್ವಾ?"

ಭಾವ ಅವನ ಮುಖ ನೋಡಿದರು. ಬಗ್ಗಿ ಎಂಜಿನ್ನಿನ ಕಡೆ ನೋಡಿದರು. ಎಂಜಿನ್ ಆರಿಸಿ, ಬೈಕನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಿ, "ಬಿಸಿಲಿಗೆ ಹೀಗಾಗುತ್ತಮ್ಮ" ಎಂದರು. ಬಿಸಿಲಂತೆ ಬಿಸಿಲು! ಮೋಡ ಮುಚ್ಚಿಕೊಂಡು ಒಂದು ವಾರವಾಗಿತ್ತು.

ನಾನು ಸುಮ್ಮನಿರುವವಳೇ? ಅಕ್ಕನಿಗೂ ಅವಳ ಮಗಳಿಗೂ ಹೇಳಿದೆ. ಹೇಳಿದ ಮೇಲೆ ಚಾಡಿ ಹೇಳಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮಗಳು ಬಿಟಿಎಂನಲ್ಲಿರುವುದು. ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ, ಆದ್ದರಿಂದ ಮಾತೂ ಲೆಕ್ಕದ ಹಾಗೆ. ಅವತ್ತೇ ಬಂದು ಅಪ್ಪನ ಎದುರು ಕೂತಳು.

"ಅಪ್ಪ, ಕಿವಿ ಟೆಸ್ಟ್ ಮಾಡಿಸ್ಬೇಕು. ಅಲ್ಲೀತನಕ ಬೈಕ್ ಓಡ್ಸೋ ಹಾಗಿಲ್ಲ."

"ನನ್ ಕಿವಿಗೆ ಟೆಸ್ಟಾ? ನನ್ ಕಿವಿಗಾ?" ಭಾವ ಎದ್ದು ನಿಂತರು. "ಭಾನುವಾರ ಬಾ. ನಿನ್ ಎದುರಿಗೇ ಕಳ್ಳಗಾಳಿ ಎಲ್ಲಿದೆ ಅಂತ ಬರೀ ಕಿವೀಲಿ ಹಿಡಿದು ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಕೀ ನಿನ್ ಕೈಗೆ ಕೊಟ್ಟುಬಿಡ್ತೀನಿ, ಇನ್ ಮುಟ್ಟಲ್ಲ."

"ಆಯ್ತು" ಎಂದಳು ಮಗಳು. ಸೊಪ್ಪು ಬಿಡಿಸುತ್ತಾ ಕೂತಿದ್ದ ಅಕ್ಕ ಕಡ್ಡಿಯನ್ನೂ ಎಲೆಯನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದಳು.

ಆ ವಾರ ಭಾವ ಮಾಡದ ಕೆಲಸವಿಲ್ಲ. ಊರೆಲ್ಲ ಸುತ್ತಿ, ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಅಟ್ಟದಿಂದ ಹೊಸ ರಬ್ಬರ್ ಪೈಪ್ ಹುಡುಕಿ ತಂದು ಹಾಕಿದರು. ಇದ್ದ ಕಾರ್ಡುಗಳಲ್ಲೇ ದಪ್ಪದ್ದನ್ನು ಆರಿಸಿ ಎರಡು ಗ್ಯಾಸ್ಕೆಟ್ ಕತ್ತರಿಸಿದರು. ಕ್ಲಿಪ್ಪು ಬಿಗಿದರು. ಬೈಕು ಅರಚುವುದನ್ನು ನಿಲ್ಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ವರಾಂಡವೆಲ್ಲ ನೀಲಿ ಹೊಗೆ. ಎದುರುಮನೆಯ ಅಂಕಲ್ ಹೋಮವೇನೋ ಎಂದು ಇಣುಕಿ ನೋಡಿ ಹೋದರು. ಭಾವ ಕುಕ್ಕರುಗಾಲಿನಲ್ಲಿ ಕೂತು, ಪೈಪಿನ ತುಂಡು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸುತ್ತಿದ್ದರು. ಎರಡು ನಿಮಿಷದ ಕೆಲಸ. ಇಪ್ಪತ್ತು ನಿಮಿಷವಾಯಿತು. "ಸಿಕ್ದ!" ಎಂದರು. ಅಲ್ಲಿ ಕ್ಲಿಪ್ಪು ಬಿಗಿದರು. ಅರಚುವುದು ನಿಲ್ಲಲಿಲ್ಲ. ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದರು. ಮತ್ತೆ "ಸಿಕ್ದ!" ಅದೂ ಅಲ್ಲ. ಎಂಜಿನ್ ಕಾಯುತ್ತದೆಂದು ನಡುನಡುವೆ ಆರಿಸಿ, ತಣ್ಣಗಾದ ಮೇಲೆ ಮತ್ತೆ ಕಿಕ್ ಹೊಡೆಯುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನೋಡಲಾಗಲಿಲ್ಲ ನನಗೆ.

"ಭಾವ, ಅಂಟುವಾಳಕಾಯಿ ನೊರೆ ಹಚ್ಚಿ ನೋಡಿ. ಬಿರುಕಿರೋ ಕಡೆ ನೊರೆ ಒಳಗೆ ಎಳ್ಕೊಳ್ಳುತ್ತೆ ಅಂತ ನೀವೇ ಹೇಳಿಕೊಟ್ಟಿದ್ರಲ್ಲ?"

"ಅದು ಕಿವಿ ಇಲ್ದೋರಿಗೆ ಹೇಳಿಕೊಟ್ಟಿದ್ದು!" ಎಂದು ನನ್ನ ಮೇಲೆ ರೇಗಿದರು. ನನ್ನ ಮೇಲೆ ಜೀವಮಾನದಲ್ಲಿ ಒಮ್ಮೆಯೂ ರೇಗಿದವರಲ್ಲ. ಮಗಳು ಮೊಬೈಲ್ ನೋಡುವ ನೆಪದಲ್ಲಿ ತಲೆ ತಗ್ಗಿಸಿದಳು. ಪಾಪ, ಗೆಲ್ಲಬೇಕೆಂಬ ಆಸೆ ಅವಳಿಗೂ ಇರಲಿಲ್ಲ.

ಆಗ ಅಕ್ಕ ಅಡುಗೆಮನೆಯಿಂದ ಬಂದಳು. ಇಷ್ಟು ವರ್ಷಗಳಲ್ಲಿ ಆ ಬೈಕಿನ ಒಂದು ನಟ್ಟನ್ನೂ ಮುಟ್ಟಿದವಳಲ್ಲ ನಮ್ಮಕ್ಕ. ಹೊಗೆ ಕಂಡರೆ ಮೂಗು ಮುಚ್ಚಿಕೊಂಡು ಬೈಯುವವಳು. ಬಂದವಳೇ ಸೆರಗು ಸಿಕ್ಕಿಸಿ, ಭಾವನ ಪಕ್ಕ ಕೂತು, "ಕೊಡಿ ಇಲ್ಲಿ" ಎಂದು ಪೈಪು ಕಿತ್ತುಕೊಂಡು ಕಿವಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಭಾವ ಹೇಗೆ ಮುಚ್ಚುತ್ತಿದ್ದರೋ ಹಾಗೆಯೇ!

"ಮೇಲ್ಗಡೆ ಅಲ್ಲ ರೀ. ರಬ್ಬರ್ ಪೈಪಿನ ಕೆಳಗೆ, ಹೊಟ್ಟೆ ಹತ್ರ."

"ಅಲ್ಲಿರಲ್ಲ. ಅದು ಹೊಸ ಪೈಪು" ಎಂದರು ಭಾವ.

"ಇದೆ. ಶೀತ ಆದ ಮಗು ಹಾಲು ಕುಡಿಯೋವಾಗ ಮೂಗಲ್ಲಿ ಸುಯ್ ಅನ್ನುತ್ತಲ್ಲ, ಹಾಗೆ ಬರ್ತಿದೆ."

ನಾನು ಓಡಿಹೋಗಿ ಅಂಟುವಾಳ ಕದಡಿ ತಂದೆ. ಮಗಳು ಅಪ್ಪನ ಶೇವಿಂಗ್ ಬ್ರಷ್ಷಿನಿಂದ ಅಕ್ಕ ತೋರಿಸಿದ ಜಾಗಕ್ಕೆ ನೊರೆ ಹಚ್ಚಿದಳು. ನೊರೆ ಸುರುಳಿ ಸುತ್ತಿಕೊಂಡು ಒಳಗೆ ಹೋಯಿತು. ಅರಚುತ್ತಿದ್ದ ಎಂಜಿನ್ ದಡಕ್ಕನೆ ದನಿ ಇಳಿಸಿ ಟುಕುಟುಕು ಎಂದಿತು. ನೊರೆ ಮುಗಿದ ಕೂಡಲೇ ಮತ್ತೆ ಅರಚಿತು. ಅಟ್ಟದ ಮೇಲೆ ಅದೆಷ್ಟು ವರ್ಷ ಒಣಗಿತ್ತೋ ಆ ಹೊಸ ರಬ್ಬರ್! ಅಡಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ನಾನು ಚಪ್ಪಾಳೆ ತಟ್ಟಲು ಕೈಯೆತ್ತಿ, ಭಾವನ ಮುಖ ನೋಡಿ ಇಳಿಸಿಬಿಟ್ಟೆ.

ಭಾವ ಎಂಜಿನ್ ಆರಿಸಿದರು. ವರಾಂಡ ಒಮ್ಮೆಲೇ ನಿಶ್ಶಬ್ದವಾಯಿತು. ಕೀ ತೆಗೆದು ಮಗಳ ಅಂಗೈಯಲ್ಲಿಟ್ಟರು.

"ನಂಗೆ ಕೇಳಿಸ್ಲಿಲ್ಲ ಕಣೇ" ಎಂದರು. ಮಗಳಿಗಲ್ಲ, ಅಕ್ಕನಿಗೆ. "ಹೋದ ಯುಗಾದಿಯಿಂದಾನೇ ಸರಿಯಾಗಿ ಕೇಳಿಸ್ತಿಲ್ಲ."

ಅಕ್ಕ ಅವರ ಹತ್ತಿರಕ್ಕೆ ಸರಿದು, ಗಟ್ಟಿಯಾಗಿ, "ಗೊತ್ತು ರೀ" ಎಂದಳು.

"ಗೊತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

ಮಗಳಿಗೆ ಅಳು ತಡೆಯಲಾಗಲಿಲ್ಲ. "ನಾಳೆ ಡಾಕ್ಟರ್ ಹತ್ರ ಹೋಗೋಣ ಅಪ್ಪ, ಕಿವಿಗೆ ಮಿಷನ್ ಹಾಕ್ಸೋಣ, ಕೀ ವಾಪಸ್ ಕೊಡ್ತೀನಿ" ಎಂದು ಒಂದೇ ಉಸಿರಿನಲ್ಲಿ ಹೇಳಿದಳು. "ಆಗ್ಲಮ್ಮ, ಹೋಗೋಣ" ಎಂದರು ಭಾವ. ಆದರೆ ಅವರ ಕಣ್ಣು ಅಕ್ಕನ ಮೇಲೆಯೇ ಇತ್ತು. ನೆಲಕ್ಕೆ ಬಿದ್ದಿದ್ದ ಪೈಪಿನ ತುಂಡನ್ನು ಎತ್ತಿ ಪಂಚೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು.

"ಹೇಗಿತ್ತು ಅಂದೆ ಸದ್ದು? ಇನ್ನೊಂದ್ಸಲ ಹೇಳು."

ಅಕ್ಕ ಒಂದು ಕೈಯಿಂದ ಅವರ ಹೆಗಲು ಹಿಡಿದುಕೊಂಡು, ಕಿವಿಗೆ ಬಾಯಿಟ್ಟು, ಸುಯ್ ಎಂದಳು. ಭಾವ ಕಣ್ಣು ಮುಚ್ಚಿ ಕೇಳಿಸಿಕೊಂಡರು.