ಮೂತಿ ಎತ್ತಿದ ವಿಮಾನ

ವನಜ ವಠಾರದ ಅಂಗಳದಲ್ಲಿ ಕೂತು ಕಾಗದದ ಪೊಟ್ಟಣ ಅಂಟಿಸುತ್ತಿದ್ದಳು. ಪಕ್ಕದಲ್ಲಿ ಮೈದಾ ಅಂಟಿನ ಬಟ್ಟಲು, ಅವಳು ಒಂದಕ್ಷರ ಬಿಡದೆ ಓದಿದ ಹಳೆಯ ಪತ್ರಿಕೆಗಳ ಕಟ್ಟು, ಅದರಡಿ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುವ ಅರ್ಜಿ. ಅಪ್ಪನ ಸಹಿ ಬೇಕು. ಇವತ್ತೇ ಕಡೇ ದಿನ.

ಅಪ್ಪ ವೆಂಕಟೇಶಯ್ಯ ಅಂತರಸನಹಳ್ಳಿ ಕಾರ್ಖಾನೆಗೆ ಎರಡನೇ ಪಾಳಿಗೆ ಸೈಕಲ್ ಹಿಡಿದು ಹೊರಟಿದ್ದರು. ಮರಳೂರಿನ ಆ ವಠಾರದಲ್ಲಿ ಯಲ್ಲಯ್ಯನನ್ನು ಕೇಳದೆ ಅವರು ಹೊಸ ಚಪ್ಪಲಿಯನ್ನೂ ಮೆಟ್ಟುತ್ತಿರಲಿಲ್ಲ. ಯಲ್ಲಯ್ಯ ಇಪ್ಪತ್ತು ವರ್ಷ ಕುಣಿಗಲ್ ಲೈನಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಅರ್ಜಿಯ ವಿಷಯವನ್ನೂ ಅಪ್ಪ ಅವನ ಮುಂದೆಯೇ ಇಟ್ಟಿದ್ದರು.

"ಏಳನೇ ಕ್ಲಾಸಿಗೆ ಬಿಟ್ಟೋಳು. ಪರೀಕ್ಷೆ ಅಂದ್ರೆ ಪೊಟ್ಟಣ ಅಂಟ್ಸಿದಂಗಾ?" ಯಲ್ಲಯ್ಯ ಅಂದಿನ ಪೇಪರ್ ತಟ್ಟಿದ. "ನೋಡವ್ವ, ಎಲ್ಲೋ ಒಂದು ಸಣ್ಣ ವಿಮಾನ ಏರ್ತಾ ಏರ್ತಾ ದಬಕ್ಕನೆ ಹೊಲಕ್ಕೆ ಬಿದ್ದೈತೆ. ಯಾಕೆ? ಹೇಳ್ಬುಡು, ನಾನೇ ನಿಮ್ಮಪ್ಪನ ಕೈಲಿ ಸೈನ್ ಹಾಕಿಸ್ತೀನಿ."

"ರೆಕ್ಕೆ..."

"ರೆಕ್ಕೆಯಲ್ಲ, ಗೇರು! ಏರಿನಾಗೆ ಸೆಕೆಂಡಿಗೆ ಇಳಿಸ್ದೆ ಟಾಪ್‌ನಾಗೇ ಹೋಗವ್ನೆ. ಎಂಜಿನ್ ನಿಂತೈತೆ."

"ಹೌದೌದು, ಗೇರೇ," ಎಂದರು ಸಂಡಿಗೆ ಒಣಹಾಕುತ್ತಿದ್ದ ಮಹಾಲಕ್ಷ್ಮಮ್ಮ. ಅವರು ಜೀವಮಾನದಲ್ಲಿ ಹತ್ತಿದ್ದ ಅತಿ ಎತ್ತರದ ವಾಹನ ಜಟಕಾ.

ವನಜಳ ದನಿ ಎಂದೂ ಹೊಸ್ತಿಲು ದಾಟಿದ್ದಲ್ಲ. ಇಂದು ದಾಟಿತು. "ಇಲ್ಲ. ಎಂಜಿನ್ ಓಡ್ತಾನೇ ಇರುತ್ತೆ. ಮೂತಿ ಅತಿಯಾಗಿ ಎತ್ತಿದ್ರೆ ರೆಕ್ಕೆ ಗಾಳಿಗೆ ತೀರಾ ಓರೆಯಾಗುತ್ತೆ. ರೆಕ್ಕೆಗೆ ಅಂಟ್ಕೊಂಡು ಹರಿಯೋ ಗಾಳಿ ಕಿತ್ಕೊಂಡ್ಬಿಡುತ್ತೆ, ಎತ್ತಿ ಹಿಡಿಯೋ ಬಲ ಹೋಗುತ್ತೆ. ಉಳೀಬೇಕಾದ್ರೆ ಮೂತಿ ತಗ್ಗಿಸ್ಬೇಕು."

"ಬೀಳ್ತಿರೋವಾಗ ಮೂತಿ ತಗ್ಗಿಸ್ಬೇಕಾ? ಹಂಗ್ ಮಾಡಿದ್ರೆ ನಾನು ಬಸ್ಸ ಕುಣಿಗಲ್ ಕೆರೆಗೇ ಬುಡ್ತಿದ್ದೆ!"

ವಠಾರವೆಲ್ಲ ನಕ್ಕಿತು. ವನಜ ಒಂದು ದಪ್ಪ ಲಗ್ನಪತ್ರಿಕೆ ಕತ್ತರಿಸಿ ವಿಮಾನ ಮಾಡಿದಳು, ಮೂತಿಗೆ ಗುಂಡುಪಿನ್ನು ಚುಚ್ಚಿದಳು. ಮಟ್ಟಸವಾಗಿ ಬಿಟ್ಟಾಗ ಅದು ನಲ್ಲಿಯವರೆಗೂ ತೇಲಿತು. ಬಾಲ ಮಡಚಿ, ಮೂತಿ ಎತ್ತಿ ಬಿಟ್ಟಾಗ ಮೇಲೇರಿ, ಗಕ್ಕನೆ ನಿಂತು, ಮಹಾಲಕ್ಷ್ಮಮ್ಮನ ಸಂಡಿಗೆಯ ಮೇಲೆ ಮುಗ್ಗರಿಸಿತು.

"ಅಯ್ಯೋ, ನನ್ನ ಸಂಡಿಗೆ!"

"ಕೈತಪ್ಪು," ಎಂದ ಯಲ್ಲಯ್ಯ. ಇನ್ನೊಮ್ಮೆ ಬಿಟ್ಟಳು, ಅವನ ಖಾಲಿ ಕಾಫಿ ಲೋಟಕ್ಕೇ ಬಿತ್ತು. ರೇಗಿದ ಯಲ್ಲಯ್ಯ ತಾನೇ ಎದ್ದು, ಎಡಗೈಯಲ್ಲಿ ಗೇರು ಬದಲಿಸುವವನಂತೆ ಗಾಳಿ ತಿರುವಿ, ಬಲಗೈಯಿಂದ ಎಸೆದ. ವಿಮಾನ ಏರಿತು, ನಿಂತಿತು, ಅವನ ಬೋಳುತಲೆಯ ಮೇಲೇ ಇಳಿಯಿತು.

"ಗೆದ್ಬುಟ್ಟೆ ಕಣವ್ವ!" ಎಂದ ತಲೆ ಸವರಿಕೊಳ್ಳುತ್ತ.

ವೆಂಕಟೇಶಯ್ಯನವರ ಕಣ್ಣು ಒದ್ದೆಯಾಯಿತು. ಜೇಬಿನಿಂದ ಪೆನ್ನು ತೆಗೆದು, ಎಂದಿನಂತೆ ಯಲ್ಲಯ್ಯನ ಮುಖ ನೋಡಿದರು.

"ಏಳನೇ ಕ್ಲಾಸಿಗೇ ಇಷ್ಟು ತಿಳ್ಕಂಡವ್ಳೆ ಅಂದ್ಮೇಲೆ," ಎಂದ ಯಲ್ಲಯ್ಯ ಹೆಮ್ಮೆಯಿಂದ, "ಇವಳಿಗಿನ್ನು ಪರೀಕ್ಷೆ ಯಾಕೆ ವೆಂಕಟೇಶಯ್ಯನೋರೆ?"

"ಅದೂ ಸರೀನೇ ಯಲ್ಲಣ್ಣ." ಪೆನ್ನು ಜೇಬಿಗೆ ಮರಳಿತು.

ವನಜ ಹೋಗಿ ಸೈಕಲ್ಲಿಗೆ ಅಡ್ಡ ನಿಂತಳು. ಹ್ಯಾಂಡಲ್ ಮೇಲೆ ಅರ್ಜಿ ಹರವಿ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಮಹಾಲಕ್ಷ್ಮಮ್ಮ ಕಾಗೆ ಓಡಿಸತೊಡಗಿದರು. ಯಲ್ಲಯ್ಯ ಪೇಪರಿನ ಹಿಂದೆ ಮರೆಯಾದ. ಅಪ್ಪ ವಾಚು ನೋಡಿಕೊಂಡರು.

"ಅಪ್ಪ, ಇಲ್ಲಿ ಸೈನ್ ಹಾಕಿ."