ಬೀಗರ ಎಮ್ಮೆ ಮತ್ತು ನನ್ನ ನೆನಪಿನ ಶಕ್ತಿ

ಮುಪ್ಪು ಎಲ್ಲರಿಗೂ ಬರುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ನಮ್ಮ ಬೀಗರಿಗಿಂತ ಮೊದಲು ನನಗೆ ಬರುವುದನ್ನು ಮಾತ್ರ ಒಪ್ಪಲಾರೆ. ಬೀಗರೆಂದರೆ ಕಮಲಾಪುರದ ಶರಣಪ್ಪನವರು, ನನ್ನ ಮಗಳನ್ನು ಕೊಟ್ಟ ಮನೆಯ ಯಜಮಾನರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಹೆಣ್ಣು ಕೊಟ್ಟವನ ಪಾಡು ಗೊತ್ತಲ್ಲ, ಅವರು ತಮ್ಮ ತೋಟದ ಕೆಂಪು ಬಾಳೆಹಣ್ಣಿನಂಥ ಹಣ್ಣು ಕಾಶ್ಮೀರದಲ್ಲೂ ಇಲ್ಲ ಎಂದರೆ ‘ಹೌದ್ರಿ’ ಎನ್ನಬೇಕು. ಮಗಳ ಮದುವೆಯಾದಂದಿನಿಂದ ಎಲ್ಲದರಲ್ಲೂ ಸೋತುಕೊಂಡೇ ಬಂದಿದ್ದೇನೆ. ಹೀಗಿರುವಾಗ ಒಂದು ಅಧ್ಯಯನಕ್ಕೆ ನಮ್ಮಿಬ್ಬರ ಮನೆಗಳೂ ಆಯ್ಕೆಯಾದವು. ವಯಸ್ಸಾಗುತ್ತ ಹೋದಂತೆ ಮನುಷ್ಯನ ಮೈಯಲ್ಲಿ, ನೆನಪಿನಲ್ಲಿ ಏನೇನು ಬದಲಾಗುತ್ತದೆಂದು ನೋಡುವ ಅಧ್ಯಯನವಂತೆ. ಕೆಲವು ವರ್ಷಕ್ಕೊಮ್ಮೆ ಅದೇ ಮನೆಗೆ ಬಂದು ಅದೇ ಮನುಷ್ಯನನ್ನು ಮತ್ತೆ ಪರೀಕ್ಷಿಸುತ್ತಾರೆ. ಒಂದು ವಿಷಯದಲ್ಲಾದರೂ ಬೀಗರನ್ನು ಸೋಲಿಸಬಹುದೆಂದು ನನಗೆ ಆಸೆ ಹುಟ್ಟಿತು.

ಆದರೆ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಮೊದಲ ಸಲ ಅಂಬಿಕಾ ಎಂಬ ಹುಡುಗಿ ಬಂದಾಗ ನನ್ನ ಮಾನ ಹೋಗಿತ್ತು. ಒಂದು ಯಂತ್ರವನ್ನು ಹಿಚುಕಿ ಕೈಯ ಬಲ ತೋರಿಸಬೇಕು, ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಅವಳು ಹೇಳಿದ ಕೆಲವು ಶಬ್ದಗಳನ್ನು ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳಬೇಕು. ಯಂತ್ರ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಶಬ್ದಗಳು ಅವಳ ಚಹಾ ಮುಗಿಯುವಷ್ಟರಲ್ಲಿ ಹಾರಿಹೋಗಿದ್ದವು.

ಕೆಲವು ವರ್ಷದ ಮೇಲೆ ಅವಳು ಎರಡನೆಯ ಸಲ ಬರುವ ಸುದ್ದಿ ತಿಳಿದದ್ದೇ ತಯಾರಿಗೆ ಬಿದ್ದೆ. ಕೈಗೆ ಬಲ ಬರಲೆಂದು ಮನೆಯ ಚಾದರಗಳನ್ನೆಲ್ಲ ನಾನೇ ಹಿಂಡತೊಡಗಿದೆ. ನನ್ನ ಹೆಂಡತಿ ಮಹಾದೇವಿ, “ಲಗ್ನ ಆದಾಗಿಂದ ಒಂದು ಕರ್ಚೀಫ್ ಹಿಂಡಿದವರಲ್ಲ. ಆ ಹುಡುಗಿ ತಿಂಗಳಿಗೊಮ್ಮೆ ಬಂದ್ರ ಏನ್ ಹೋಗ್ತದ?” ಎಂದಳು. ಕಂಡಲ್ಲೆಲ್ಲ ಕೈ ಕಟ್ಟಿಕೊಂಡು ಏಳುವ ಚಟವೂ ಅಂಟಿತು. ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯ ಸೀರೆ ಅಂಗಡಿಯಲ್ಲಿ ಹಾಗೆ ಎದ್ದಾಗ, ನಾನು ಸಿಟ್ಟಾದೆನೆಂದು ತಿಳಿದು ಅಂಗಡಿಯವನು, “ಕೂಡ್ರಿ ಚಾಚಾ, ಜರಾ ಕಮ್ಮಿ ಮಾಡ್ತೀನಿ” ಎಂದ. ಮಹಾದೇವಿಗೆ ಅಂದಿನಿಂದ ಈ ಅಧ್ಯಯನದ ಮೇಲೆ ಬಹಳ ಗೌರವ.

ಅಷ್ಟರಲ್ಲಿ ಬೀಗರ ಫೋನ್ ಬಂತು. “ನಮ್ಮಲ್ಲಿ ಬಂದು ಹೋದ್ರು ನೋಡ್ರಿ. ಎಲ್ಲಾ ಶಬ್ದ ಬರೋಬ್ಬರಿ ಹೇಳಿಬಿಟ್ಟೆ. ಆ ಹುಡುಗಿ ಗಪ್ಪ ಕುಂತಳು.”

ನನಗೆ ಊಟ ಸೇರಲಿಲ್ಲ. ಮರುದಿನ ಮಗಳನ್ನು ನೋಡುವ ನೆಪ ಮಾಡಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಗಣಿತದ ಮಾಸ್ತರನಾಗಿ ಕಾಲುಚೀಲದೊಳಗಿನ ಚೀಟಿಯನ್ನೂ ಬಿಡದೆ ಹಿಡಿದವನು ನಾನು. ಅಂಥವನು ಬೀಗರ ಮನೆಯ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತ, “ಅಂದಂಗ, ಏನೇನು ಶಬ್ದ ಹೇಳಿದ್ರಿ?” ಎಂದು ಪ್ರಶ್ನೆಪತ್ರಿಕೆ ಬಯಲು ಮಾಡಿಸಿಕೊಂಡೆ. ಬೀಗರು ಅಂಗಳದ ಕಡೆ ದಿಟ್ಟಿಸಿ ನೋಡುತ್ತ ಒಂದೊಂದಾಗಿ ಹೇಳಿದರು: ಬಾಳೆ, ಎಮ್ಮೆ, ಹಗ್ಗ, ಕೊಡ, ಬಾವಿ, ತಗಡು, ಕಂಬಳಿ. ಎಂಥ ನೆನಪು ಎಂದು ಹೊಟ್ಟೆ ಉರಿಯಿತು. ಬಸ್ಸಿನುದ್ದಕ್ಕೂ ಗುನುಗುನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದವರು ಜಪವೆಂದು ತಿಳಿದು ಸರಿದು ಕೂತರು.

ಅಂಬಿಕಾ ಬಂದಳು. ಯಂತ್ರ ಹಿಚುಕಿದೆ, ಹಿಂದಿನ ಸಲಕ್ಕಿಂತ ಮುಳ್ಳು ಮುಂದೆ ಹೋಯಿತು. ಕುರ್ಚಿಯಿಂದ ಜಿಗಿದೆದ್ದೆ. ಅವಳು ಶಬ್ದಗಳನ್ನು ಹೇಳುವಾಗ ನಾನು ಕಿವಿಯನ್ನೇ ಕೊಡಲಿಲ್ಲ. ಉತ್ತರ ಗೊತ್ತಿರುವವನು ಪ್ರಶ್ನೆ ಯಾಕೆ ಕೇಳಿಸಿಕೊಳ್ಳಬೇಕು? ತಿರುಗಿ ಕೇಳಿದಾಗ ಒಂದೇ ಉಸಿರಿಗೆ ಬಾಳೆಯಿಂದ ಕಂಬಳಿಯವರೆಗೆ ಒಪ್ಪಿಸಿದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಸರ್, ಇದ್ರಾಗ ಒಂದೂ ನಾ ಹೇಳಿದ್ದಲ್ರಿ. ಎಮ್ಮಿ ಎಲ್ಲಿಂದ ಬಂತು?”

ಅಡುಗೆಮನೆಯಿಂದ ಮಹಾದೇವಿ ಹೇಳಿದಳು, “ಕಮಲಾಪುರದಿಂದ ಬಂದದವ್ವ.”

ಆಗ ಹೊಳೆಯಿತು. ಬೀಗರ ಕಟ್ಟೆಯ ಮೇಲೆ ಕೂತರೆ ಎದುರಿಗೆ ಕಾಣುವುದೇ ಬಾಳೆ, ಎಮ್ಮೆ, ಅದರ ಹಗ್ಗ, ಬಾವಿ, ಬಾವಿಯ ಕೊಡ. ಪುಣ್ಯಾತ್ಮರಿಗೆ ಒಂದು ಶಬ್ದವೂ ನೆನಪಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳಿ ನನ್ನನ್ನು ಕಳಿಸಿದ್ದರು.

“ಹಂಗಾದ್ರ ನಾ ಫೇಲ್ ಏನವ್ವ?” ಎಂದೆ. ಅಳು ಬರುವುದೊಂದು ಬಾಕಿ.

“ಇದ್ರಾಗ ಪಾಸು ಫೇಲು ಇಲ್ರಿ ಸರ್. ನೀವು ಹೆಂಗಿದ್ದೀರೋ ಹಂಗ ಬೇಕು ನಮಗ. ಮುಂದಿನ ಸಲ ಬಂದಾಗ ಸಿಕ್ರ ಸಾಕು.” ಅವಳು ಚೀಲ ಕಟ್ಟುತ್ತ ಮೆಲ್ಲಗೆ ಹೇಳಿದಳು, “ಈ ಸಲ ಭಾಳ ಮನ್ಯಾಗ ಸಿಗಲಿಲ್ರಿ. ಫೋಟೋಕ್ಕ ಹಾರ ಹಾಕ್ಯಾರ.”

ಅವಳು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತೆ. ‘ಬರೀ ಹಾಜರಿ ಹಾಕಿದರೆ ಪಾಸಾಗುತ್ತೀಯೇನೋ’ ಎಂದು ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ನೋಡಿದರೆ ಹಾಜರಿಯೇ ಪರೀಕ್ಷೆ. ಬೀಗರನ್ನು ಬೈಯಲೆಂದೇ ಫೋನ್ ಎತ್ತಿಕೊಂಡೆ.

“ನಿಮ್ಮ ಎಮ್ಮಿ ಆರಾಮ ಅದ ಏನ್ರಿ?” ಎಂದೆ.

 ಬೀಗರು ನಕ್ಕರು. “ಖರೇ ಹೇಳ್ಬೇಕಂದ್ರ ಬೀಗರ, ನನಗ ಒಂದೂ ನೆನಪಿರಲಿಲ್ಲ. ಸೋಲ್ಬಾರ್ದು ಅನಸ್ತು.”

“ಇರ್ಲಿ ಬಿಡ್ರಿ. ಮುಂದಿನ ಸಲ ಇಬ್ಬರೂ ಸಿಗೋಣ.”

“ಸಿಗೋಣ,” ಎಂದರು ಬೀಗರು. ಮೊದಲ ಬಾರಿಗೆ ನನ್ನ ಮಾತಿಗೆ ಅವರು ಹೌದೆಂದಿದ್ದರು.

ಹಿತ್ತಲಿನಿಂದ ಮಹಾದೇವಿ ಕೂಗಿದಳು, “ಪರೀಕ್ಷಾ ಮುಗೀತಂತ ಕುಂತ್ರೇನು? ಚಾದರ ನೆಂದದ, ಬರ್ರಿ.” ಎದೆಯ ಮೇಲೆ ಕೈ ಕಟ್ಟಿಕೊಂಡು, ಏನನ್ನೂ ಹಿಡಿಯದೆ ಕುರ್ಚಿಯಿಂದ ಎದ್ದೆ. ಅದನ್ನು ಬರೆದುಕೊಳ್ಳಲು ಈಗ ಯಾರೂ ಇರಲಿಲ್ಲ.